ತೋಟೆ ಹಾಕಿದ ಮಡು

ತುಂಗೆಯ ಯಾವ ಮಡುವಿನಲ್ಲಿ ಯಾವ ಮೀನಿದೆ ಎಂಬುದು ತೀರ್ಥಹಳ್ಳಿಯ ಕಡೆ ದೋಣಿ ನಡೆಸುತ್ತಿದ್ದ ಬೆಳ್ಳಪ್ಪನಿಗೆ ಬಾಯಿಪಾಠ. ಹಾಗಾಗಿಯೇ ಅರವತ್ತಾರರ ಮಳೆಗಾಲ ಮುಗಿಯುತ್ತಿದ್ದಂತೆ ಇಬ್ಬರು ಅವನನ್ನು ಹುಡುಕಿಕೊಂಡು ಬಂದರು. ಒಬ್ಬರು ಮೀನು ಸಾಕಣೆ ಬಲ್ಲ ಅಧಿಕಾರಿ ರಾಮಚಂದ್ರಪ್ಪ, ಇನ್ನೊಬ್ಬರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪುಷ್ಪಮ್ಮ. ದೇವರಮೀನು ಹೊಳೆಯಲ್ಲಿ ಅಪರೂಪವಾಗುತ್ತಿತ್ತು. ಮೊಟ್ಟೆಗೆ ಬಂದ ಮೀನು ಹಿಡಿದು, ಮರಿ ಮಾಡಿ, ಮತ್ತೆ ಹೊಳೆಗೆ ಬಿಡಬೇಕೆಂದು ಇಬ್ಬರೂ ಕೂಡಿಕೊಂಡಿದ್ದರು.

"ಕಲ್ಲುಕೊಪ್ಪದ ಮಡುವಿಗೆ ಹೋಗೋಣ. ಅಲ್ಲೇ ಜಾಸ್ತಿ ಇರೋದು" ಎಂದರು ಪುಷ್ಪಮ್ಮ.

ಬೆಳ್ಳಪ್ಪ ಮುಖ ತಿರುಗಿಸಿ ದೋಣಿಯ ಹಗ್ಗ ಬಿಚ್ಚತೊಡಗಿದ. ಹಿಂದೆ ಕಾರ್ಗಲ್ಲಿನ ಅಣೆಕಟ್ಟಿಗೆ ಬಂಡೆ ಸಿಡಿಸುವ ಕೆಲಸಕ್ಕೆ ಹೋಗಿದ್ದವನು ಬರುವಾಗ ನಾಲ್ಕು ಸಿಡಿಮದ್ದಿನ ತೋಟೆ ಬಚ್ಚಿಟ್ಟುಕೊಂಡು ಬಂದಿದ್ದ. ಹೋದ ವರ್ಷ ತಂಗಿಯ ಮದುವೆಯ ಊಟಕ್ಕೆಂದು ಅವನ್ನು ಅದೇ ಮಡುವಿಗೆ ಹಾಕಿ ಸಿಡಿಸಿ, ಸತ್ತು ತೇಲಿದ ಮೀನು ಹೆಕ್ಕಿದ್ದ. ಉಂಡವರೆಲ್ಲ ಅವನನ್ನು ಹೊಗಳಿದ್ದರು.

ಎರಡು ದಿನ ಬಲೆ ಬೀಸಿದರೂ ಒಂದು ಮೀನೂ ಬೀಳಲಿಲ್ಲ.

"ಮೇಡಂ, ನಿಮ್ಮ ಲೆಕ್ಕವೇ ತಪ್ಪಿರಬೇಕು" ಎಂದರು ರಾಮಚಂದ್ರಪ್ಪ.

"ಎರಡು ವರ್ಷದ ಹಿಂದೆ ನಾನೇ ನಿಂತು ಎಣಿಸಿದ್ದೆ. ಆದರೂ ತಪ್ಪಿರಬಹುದು" ಎಂದು ಪುಷ್ಪಮ್ಮ ಎಣಿಕೆ ಬರೆದಿಟ್ಟಿದ್ದ ಪುಸ್ತಕದ ಪುಟವನ್ನು ಹೊಡೆದುಹಾಕಲು ಪೆನ್ನು ತೆಗೆದರು. ಅವರ ಮುಖ ಬಾಡಿತ್ತು.

ಬೆಳ್ಳಪ್ಪನಿಗೆ ತಡೆಯಲಾಗಲಿಲ್ಲ. "ಹೊಡೆದು ಹಾಕ್ಬೇಡಿ ಅಮ್ಮಾ. ಮೀನು ಇದ್ವು. ತೋಟೆ ಹಾಕಿದ್ದು ನಾನೇ" ಎಂದ.

ಅವರು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಪುಷ್ಪಮ್ಮ ಬೈಯಲಿಲ್ಲ, ಪ್ರಶ್ನೆ ಕೇಳತೊಡಗಿದರು. ಯಾವ ತಿಂಗಳು? ಎಷ್ಟು ದೊಡ್ಡವು? ಎಷ್ಟರಲ್ಲಿ ಮೊಟ್ಟೆ ಇತ್ತು?

"ಕೊಯ್ದವೆಲ್ಲ ಬಸಿರೇ ಅಮ್ಮಾ... ಸಣ್ಣವನ್ನ ಹೆಕ್ಕಲೇ ಇಲ್ಲ. ಹೊಳೆ ಮೇಲೆ ತೇಲಿಕೊಂಡು ಹೋದ್ವು."

ಅವರು ಒಂದೊಂದನ್ನೂ ಬರೆದುಕೊಂಡರು. ರಾಮಚಂದ್ರಪ್ಪ ಅತ್ತ ತಿರುಗಿ ನಿಂತಿದ್ದರು.

ಮರುದಿನ ಅವನು ಯಾರಿಗೂ ತೋರಿಸದಿದ್ದ ಮೇಲಿನ ಮಡುವಿಗೆ ಅವರನ್ನು ಕರೆದೊಯ್ದ. ಅಲ್ಲಿ ಒಂದು ಜೋಡಿ ಸಿಕ್ಕಿತು. ಮೊಟ್ಟೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟವು, ಉಳಿದವು ಮರಿಯಾದವು. ಬೇಸಿಗೆಗೆ ಮುಂಚೆ ಅವನ್ನು ಕಲ್ಲುಕೊಪ್ಪದಲ್ಲಿ ಬಿಡುವಾಗ ರಾಮಚಂದ್ರಪ್ಪ ಕೊಡವನ್ನು ಅವನತ್ತ ಚಾಚಿದರು. "ನೀನೇ ಬಿಡು ಬೆಳ್ಳಪ್ಪ."

"ನನ್ನ ಕೈಯಲ್ಲಿ ಬೇಡ ಸ್ವಾಮಿ" ಎಂದು ಅವನು ಹಿಂದೆ ಸರಿದ. ಪುಷ್ಪಮ್ಮ ಬಿಟ್ಟರು.

ಆಮೇಲೆ ಯಾರಾದರೂ ತೋಟೆ ಹಿಡಿದು ಬಂದರೆ ಬೈಯಲು ಬೆಳ್ಳಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ತಾನು ಮಾಡಿದ್ದನ್ನು ಹೇಳುತ್ತಿದ್ದ, ಅಷ್ಟೇ. ಕೆಲವರು ಹಿಂದಿರುಗಿದರು. ಕೆಲವರು ನಕ್ಕು ಮುಂದೆ ಹೋದರು.