ಹಾಲುಕ್ಕಿಸಿದ ಹುಳದ ಮನೆ

ಅಕ್ಕ ಫೋನ್ ಮಾಡಿದಾಗ ನಾನು ರಾಯದುರ್ಗದಲ್ಲಿ ನಮ್ಮ ವಕೀಲರ ಕಚೇರಿಯಲ್ಲಿ ಕೂತು ಒಂದು ಕ್ರಯಪತ್ರ ಟೈಪ್ ಮಾಡುತ್ತಿದ್ದೆ. ಅವಳು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. "ಹುಳದ ಮನೆ ಸಬ್ಸಿಡಿಗೆ ಬರಲ್ವಂತೆ ಕಣೆ. ಅದು ನಾವು ವಾಸ ಮಾಡೋ ಮನೆಯಂತೆ. ಹಾಲುಕ್ಕಿಸಿದ್ದೇ ತಪ್ಪಾಗೈತಂತೆ," ಅಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆಮೇಲೆ ನನಗೆ ಸಿಟ್ಟು ಬಂತು. ನನಗೆ ಬಂದ ಸಿಟ್ಟು ಬೇಗ ಇಳಿಯುವುದಿಲ್ಲ ಅನ್ನುವುದು ನನ್ನ ಗಂಡನಿಗೂ ಗೊತ್ತು, ನಮ್ಮ ವಕೀಲರಿಗೂ ಗೊತ್ತು.

ನಮ್ಮ ತವರು ಆಂಧ್ರದ ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಅಕ್ಕನನ್ನು ಊರಲ್ಲೇ ಕೊಟ್ಟರು, ನನ್ನನ್ನು ಮಾತ್ರ ರಾಯದುರ್ಗಕ್ಕೆ ಸಾಗಹಾಕಿದರು. ಅಕ್ಕ ಭಾವ ಇಬ್ಬರೂ ಮದುವೆಯಾದಾಗಿನಿಂದ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕಿಕೊಂಡು ಬಂದವರು. ಸಾಕಿದ್ದು ತಾವಿರುವ ಮನೆಯ ಒಳಗೇ. ನಡುಮನೆಯ ತುಂಬ ಹುಳದ ತಟ್ಟೆಗಳು. ಮನುಷ್ಯರು ಉಳಿದ ಜಾಗದಲ್ಲಿ ಗೋಡೆಗೊತ್ತಿಕೊಂಡು ಮಲಗಬೇಕು. ಹುಳ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಹಾಕುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆಬತ್ತಿಯ ಮಾತೇ ಎತ್ತುವ ಹಾಗಿಲ್ಲ. ಅವುಗಳಿಗೆ ಯಾವ ವಾಸನೆಯೂ ಆಗದು. ಗೂಡು ಮಾರಿದ ಮೇಲೆ ಮನೆಯನ್ನೆಲ್ಲ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದು ಮುಂದಿನ ಬೆಳೆಗೆ ಅಣಿ ಮಾಡುತ್ತಾರೆ.

ಆ ಪುಡಿ, ಆ ಘಾಟು ಭಾವನ ಎದೆಯಲ್ಲಿ ಕೂತುಬಿಟ್ಟವು. ಉಬ್ಬಸ ಹಿಡಿಯಿತು. ಹಿಂದೂಪುರದ ಡಾಕ್ಟರು ಮುಲಾಜಿಲ್ಲದೆ ಹೇಳಿದರು: ಒಂದೋ ಹುಳ ಹೊರಗಿರಬೇಕು, ಇಲ್ಲವೇ ನೀವು ಹೊರಗಿರಬೇಕು. ಹುಳ ಹೊರಗೆ ಹಾಕಿದರೆ ಉಣ್ಣುವುದೇನು? ಹಾಗಾಗಿ ಭಾವ ಹೊರಗೆ ಬಂದರು. ಜಗಲಿಯ ಮೇಲೊಂದು ಚಾಪೆ, ಗಾಳಿ ಬೀಸುವ ಕಡೆಗೊಂದು ಗೋಣಿತಾಟಿನ ಪರದೆ. ಆಷಾಢದ ಗಾಳಿಗೂ ಅಲ್ಲೇ, ಮಾಗಿಯ ಚಳಿಗೂ ಅಲ್ಲೇ. ತಾವೇ ಕಟ್ಟಿಸಿದ ಮನೆಯ ಮುಂದೆ ನೆಂಟರಂತೆ ಮಲಗುತ್ತಿದ್ದರು.

ಹುಳಕ್ಕೆಂದೇ ಬೇರೆ ಮನೆ ಕಟ್ಟಿಕೊಳ್ಳುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ ಅಂತ ಗೊತ್ತಾದ ಮೇಲೆ ಅಕ್ಕ ಹಟ ಹಿಡಿದು ತೋಟದ ಬದುವಿನಲ್ಲಿ ಕಟ್ಟಡ ಎಬ್ಬಿಸಿದಳು. ಗೋಡೆ ಎದ್ದಿತು, ಸೂರು ಕೂತಿತು. ಕೊನೆಯ ಕಂತು ಬಂದರೆ ಬಾಗಿಲು, ಕಿಟಕಿಗಳಿಗೆ ಬಲೆ. ಬಲೆ ಇಲ್ಲದಿದ್ದರೆ ಊಜಿ ನೊಣ ನುಗ್ಗಿ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ, ಬೆಳೆ ಅಲ್ಲಿಗೆ ಮುಗಿಯಿತು. ಅಂದರೆ ಆ ಕಂತು ಬಂದ ದಿನ ಹುಳ ತೋಟಕ್ಕೆ, ಭಾವ ಮನೆಯೊಳಕ್ಕೆ.

ಆದರೆ ಅಕ್ಕ ಕಾಯಲಿಲ್ಲ. ಮುಂದೆ ಆಷಾಢ, ಒಳ್ಳೆಯ ದಿನ ಸಿಗುವುದಿಲ್ಲ ಅಂತ ಸೂರು ಕೂತ ಕೂಡಲೇ ಹಾಲುಕ್ಕಿಸುವ ಶಾಸ್ತ್ರ ಇಟ್ಟುಕೊಂಡಳು. ಮಾವಿನ ತೋರಣ ಕಟ್ಟಿದಳು, ಮೂರು ಇಟ್ಟಿಗೆಯ ಒಲೆ ಹೂಡಿ ಹಾಲಿಟ್ಟು ಪೂರ್ವಕ್ಕೆ ಉಕ್ಕಿಸಿದಳು, ಗೋಡೆಗೆ ದೇವರ ಪಟ ತೂಗುಹಾಕಿದಳು. ಹೊಸ ಸೂರಿನಡಿ ಮೊದಲ ರಾತ್ರಿ ಬರಿದು ಬಿಡಬಾರದು ಅಂತ ದೀಪ ಹಚ್ಚಿಟ್ಟು, ಚಾಪೆ ಹಾಸಿ ಮಲಗಿದಳು. ಮಾರನೆಯ ಬೆಳಿಗ್ಗೆ ಪರಿಶೀಲನೆಗೆ ಬಂದ ರೇಷ್ಮೆ ಇಲಾಖೆಯ ಹುಡುಗನನ್ನು ಅದೇ ಚಾಪೆಯ ಮೇಲೆ ಕೂರಿಸಿ ಪಾಯಸ ಬಡಿಸಿದಳು. ಅವನು ಬಟ್ಟಲು ಬರಿದು ಮಾಡಿ, ತನ್ನ ಮೊಬೈಲಿನಲ್ಲಿ ನಿಯಮದ ಪ್ರಕಾರ ಕಟ್ಟಡದ ಒಳಗಿನ ಫೋಟೊ ತೆಗೆದುಕೊಂಡು ಹೋದ. ಫೋಟೊದಲ್ಲಿ ಒಲೆ, ಚಾಪೆ, ದಿಂಬು, ದೇವರು ಎಲ್ಲರೂ ಲಕ್ಷಣವಾಗಿ ಬಂದಿದ್ದರು. ಮೇಲಿನವರು ಅದನ್ನು ನೋಡಿ ಇದು ಜನ ಇರುವ ಮನೆ ಅಂತ ಬರೆದು ಕಂತು ನಿಲ್ಲಿಸಿದರು.

ನಾನು ಆ ಹುಡುಗನಿಗೇ ಫೋನ್ ಮಾಡಿದೆ. ಪಾಪ, ಪಾಯಸ ತಿಂದ ದಾಕ್ಷಿಣ್ಯ ಅವನಿಗೂ ಇತ್ತು. ಯೋಜನೆಯ ನಿಯಮಗಳನ್ನು ಮೊಬೈಲಿಗೆ ಕಳಿಸಿಕೊಟ್ಟ. ನನ್ನ ಕೆಲಸವೇ ಇಂಥವನ್ನು ಟೈಪ್ ಮಾಡುವುದು. ಯಾವ ಪತ್ರವಾದರೂ ಮೊದಲು ನೋಡುವುದು ಯಾವ ಮಾತಿಗೆ ಏನು ಅರ್ಥ ಹೇಳಿದ್ದಾರೆ ಅಂತ. ಅಲ್ಲಿ ರೈತ ಅಂದರೆ ಯಾರು ಅಂತ ಇತ್ತು, ಸಣ್ಣ ರೈತ ಅಂದರೆ ಯಾರು ಅಂತ ಇತ್ತು, ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಅಂತ ಇತ್ತು. ಇದನ್ನು ಫೋನಿನಲ್ಲಿ ಓದಿ ಹೇಳಿದರೆ ಅಕ್ಕ, "ಹಂಗಾದ್ರೆ ಅತ್ತೆ ನಮ್ಮ ಕುಟುಂಬ ಅಲ್ವಾ? ಇದು ಆವಾಗ್ಲೇ ಗೊತ್ತಾಗಿದ್ರೆ ಅವರ ಕಿವಿಗೆ ಹಾಕ್ತಿದ್ದೆ," ಅಂದಳು. ಅತ್ತೆ ಹೋಗಿ ವರ್ಷಗಳಾಗಿದ್ದವು. ಅವಳ ಬಾಯಿಂದ ತಮಾಷೆ ಬಂದಿದ್ದು ಕೇಳಿ ನನಗೆ ಧೈರ್ಯ ಬಂತು.

ಹುಳ ಸಾಕುವ ಮನೆಗೂ ಅರ್ಥ ಕೊಟ್ಟಿದ್ದರು. ಬೇರೆಯಾಗಿ ನಿಂತಿರಬೇಕು, ಜನರ ವಾಸಕ್ಕೆ ಬಳಕೆಯಾಗಬಾರದು, ಇದು ಅದರ ಸಾರ. ಸರಿ. ಆದರೆ ವಾಸ ಅಂದರೇನು? ಮೇಲಿಂದ ಕೆಳಗೆ ಹುಡುಕಿದೆ, ಎಲ್ಲೂ ಹೇಳಿರಲಿಲ್ಲ. ನಮ್ಮ ವಕೀಲರ ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಓದಿದರು.

"ನೋಡ್ರಿ, ಅರ್ಥ ಹೇಳದ ಮಾತಿಗೆ ಮಂದಿ ಬಳಸೋ ಅರ್ಥನ ಹಿಡೀಬೇಕು. ನಿಮ್ಮ ಊರಾಗ ಎಂಥಾ ಮನೀಗೆ ಮಂದಿ ಇರೋ ಮನಿ ಅಂತಾರ, ಅದನ್ನ ನೀವ ತೋರಿಸ್ಬೇಕ್ರಿ."

"ನಾನು ಹೇಳಿದರೆ ಕೇಳುತ್ತಾರಾ?"

"ಯಾಕ ಕೇಳಂಗಿಲ್ಲ? ನನ್ನ ಕೂಡ ದಿನಾ ವಾದ ಮಾಡ್ತೀರಲ್ಲ, ಅಲ್ಲಿ ಹೋಗಿ ಮಾಡ್ರಿ. ಕೆಲಸ ಗೆದ್ದ ಮ್ಯಾಲೇ ಬರ್ರಿ."

ರಜೆ ಕೊಟ್ಟರು ಅಂತ ಅರ್ಥ. ಕಲ್ಯಾಣದುರ್ಗದಲ್ಲೊಮ್ಮೆ, ಪಾವಗಡದಲ್ಲೊಮ್ಮೆ ಬಸ್ ಬದಲಾಯಿಸಿ, ಆಂಧ್ರದಿಂದ ಕರ್ನಾಟಕಕ್ಕೆ, ಕರ್ನಾಟಕದಿಂದ ಮತ್ತೆ ಆಂಧ್ರಕ್ಕೆ ಬಂದು ಊರು ಸೇರಿದೆ. ಮನೆಯೊಳಗೆ ಹುಳ ಮೇಯುತ್ತಿದ್ದವು, ಸೊಪ್ಪಿನ ಮೇಲೆ ಅವುಗಳ ಸರಸರ ಸದ್ದು. ಭಾವ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಗಾಳಿ ಗೋಣಿತಾಟನ್ನು ಎತ್ತಿ ಎತ್ತಿ ಒಗೆಯುತ್ತಿತ್ತು.

"ಆ ಕಟ್ಟಡ ಖಾಲಿ ಬಿದ್ದಿದೆಯಲ್ಲ, ಭಾವ ಅಲ್ಲಾದರೂ ಮಲಗಬಾರದಾ?" ಅಂತ ಅಕ್ಕನನ್ನು ಕೇಳಿದೆ.

"ಹುಳಕ್ಕೆ ಅಂತ ಬರ್ಕೊಟ್ಟು ಕಟ್ಟಿರೋದು. ಶಾಸ್ತ್ರಕ್ಕೆ ಒಂದಿನ ಮಲಗಿದ್ದಾಯ್ತು. ದಿನಾ ಮಲಗಿದ್ರೆ ಅವ್ರು ಹೇಳೋದೇ ನಿಜ ಆಯ್ತದಲ್ವಾ?" ಅಂದಳು.

ಮಾರನೆಯ ದಿನ ನಾನು ಊರು ಸುತ್ತಿದೆ. ನಮ್ಮ ಕಡೆ ಹೊಸದಾಗಿ ಏನು ಕಟ್ಟಿದರೂ ಹಾಲುಕ್ಕಿಸುತ್ತಾರೆ. ಎಮ್ಮೆ ಕಟ್ಟುವ ಕೊಟ್ಟಿಗೆಗೆ ಉಕ್ಕಿಸಿದ್ದಾರೆ, ಬೋರಿನ ಮೋಟಾರು ಇಟ್ಟ ಗೂಡಿಗೆ ಉಕ್ಕಿಸಿದ್ದಾರೆ, ಹಿಟ್ಟಿನ ಗಿರಣಿಗೆ ಉಕ್ಕಿಸಿದ್ದಾರೆ. ಒಣಗಿದ ತೋರಣ, ಅರಿಸಿನದ ಗುರುತು, ಮಸಿ ಹಿಡಿದ ಇಟ್ಟಿಗೆ, ಎಲ್ಲದರ ಫೋಟೊ ತೆಗೆದೆ. ಮೋಟಾರಿನ ಗೂಡಿನ ಫೋಟೊ ತೆಗೆಯುವಾಗ ಅದರ ಯಜಮಾನ, "ಏನಮ್ಮಿ, ಇದಕ್ಕೂ ಸಬ್ಸಿಡಿ ಕೊಡ್ತಾರಾ?" ಅಂತ ಆಸೆಯಿಂದ ಕೇಳಿದ. ಇಲ್ಲ, ಇದರಲ್ಲಿ ನೀನು ವಾಸ ಮಾಡುತ್ತಿಲ್ಲ ಅಂತ ತೋರಿಸಬೇಕು ಅಂದೆ. ಅವನು ನನ್ನನ್ನು ಅನುಮಾನದಿಂದಲೇ ನೋಡಿದ.

ಮಡಕಶಿರಾದ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಕೂತಿದ್ದ ಅಧಿಕಾರಿ ನಡುವಯಸ್ಸಿನವರು, ಕನ್ನಡ ಅರ್ಥವಾದರೂ ತೆಲುಗಿನಲ್ಲೇ ಮಾತಾಡುವವರು. ನನ್ನನ್ನೂ ಅಕ್ಕನನ್ನೂ ಕೂರಿಸಿದರು, ಗದರಲಿಲ್ಲ. ಅಷ್ಟಕ್ಕೇ ಜಗಳಕ್ಕೆಂದು ಅಣಿ ಮಾಡಿಕೊಂಡಿದ್ದ ನನ್ನ ಅರ್ಧ ಭಾಷಣ ವ್ಯರ್ಥವಾಯಿತು. ಫೋಟೊಗಳನ್ನು ಒಂದೊಂದಾಗಿ ನೋಡಿದರು. ಗಿರಣಿಯ ಫೋಟೊ ನೋಡಿ ನಕ್ಕರು. ಹಾಲಿನ ವಿಷಯ ಬಿಡೋಣ, ಶಾಸ್ತ್ರ ಅಂತ ಒಪ್ಪಿದೆ ಅಂದರು. ಗೆದ್ದೆ ಅಂದುಕೊಂಡೆ. ಆಗ ಅವರು ಅಕ್ಕನ ಕಡೆ ತಿರುಗಿ, ಮುಂದೆ ಅಲ್ಲಿ ಯಾರಾದರೂ ಮಲಗುತ್ತೀರಾ ಅಂತ ಕೇಳಿದರು.

ನಾನು ಮೇಜಿನ ಕೆಳಗೆ ಅಕ್ಕನ ಕಾಲು ತುಳಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಮಲಗ್ತೀವಿ ಸಾ. ಹುಳ ಹಣ್ಣಾಗಿ ಗೂಡು ಕಟ್ಟಾಕೆ ಮುಂಚೆ ರಾತ್ರಿಯೆಲ್ಲ ಸೊಪ್ಪು ಹಾಕ್ಬೇಕು. ಅಲ್ಲೇ ಒಂದು ಗಳಿಗೆ ತಲೆ ಕೊಡ್ತೀವಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಯಾರೂ ಮಲಗುವುದಿಲ್ಲ ಅಂತ ಬರೆದುಕೊಡಿ, "ರಾಸಿ ಇವ್ವಂಡಿ, ಚಾಲು," ಅಷ್ಟು ಸಾಕು ಅಂದರು. ಅವರು ದಾರಿಯನ್ನೇ ತೋರಿಸುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಅಕ್ಕ ತಲೆಯಾಡಿಸಿದಳು. "ಸುಳ್ಳು ಬರ್ಕೊಟ್ಟು ಹುಳ ಇಟ್ರೆ ನಂಗೆ ನೆಮ್ಮದಿ ಇರಲ್ಲ ಸಾ." ನನಗೆ ಅವಳನ್ನು ಅಲ್ಲೇ ಹೊಡೆಯಬೇಕು ಅನ್ನಿಸಿತು. ಜಗಲಿಯ ಮೇಲೆ ಭಾವ ಉಸಿರಿಗಾಗಿ ಒದ್ದಾಡುತ್ತಿದ್ದಾರೆ, ಇವಳಿಗೆ ನಿಜ ಬೇಕಾಗಿದೆ!

ಆದರೆ ಸಿಟ್ಟು ತಲೆಗೇರಿದಾಗ ನನಗೆ ಮಾತು ಸ್ಪಷ್ಟವಾಗುತ್ತದೆ. ಸಾರ್, ಒಂದು ಹಾಳೆ ಕೊಡಿ ಅಂದೆ. ಅಲ್ಲೇ ಕೂತು ತೆಲುಗಿನಲ್ಲಿ ಬರೆದೆ: ಹುಳ ಇರುವಾಗ ಅವುಗಳನ್ನು ನೋಡಿಕೊಳ್ಳುವವರು ಮಾತ್ರ ಅಲ್ಲಿರುತ್ತಾರೆ, ಹುಳ ಇಲ್ಲದಾಗ ಯಾರೂ ಇರುವುದಿಲ್ಲ, ಅಡುಗೆ, ಸಂಸಾರ ಯಾವುದೂ ಅಲ್ಲಿ ನಡೆಯುವುದಿಲ್ಲ. ಅಕ್ಕನಿಗೆ ಓದಿ ಹೇಳಿದೆ. ಇದು ಸರಿ ಅಂತ ಸಹಿ ಹಾಕಿದಳು. ಅಧಿಕಾರಿ ಓದಿ, ಇದನ್ನು ನಾನು ನಂಬಬಹುದು, ನನ್ನ ಮೇಲಿನವರು ಏನನ್ನು ನೋಡಿ ನಂಬಬೇಕು ಅಂತ ಕೇಳಿದರು.

"ನೀವು ಬನ್ನಿ ಸಾರ್," ಅಂದೆ. "ಹೇಳಿ ಬರಬೇಡಿ. ನಿಮಗೆ ತೋಚಿದ ದಿನ ಬನ್ನಿ. ಅಲ್ಲಿ ಯಾರಾದರೂ ಇದ್ದರೆ ನಾವು ಇನ್ನೊಂದು ಸಲ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ."

ಅವರು ಬಂದದ್ದು ಅದೇ ವಾರದ ಒಂದು ಮುಂಜಾನೆ, ಇನ್ನೂ ಊರು ಪೂರ್ತಿ ಎದ್ದಿರಲಿಲ್ಲ. ಪಾಯಸ ತಿಂದ ಹುಡುಗನೂ ಹಿಂದೆ ಇದ್ದ. ನಾನು ಊರಲ್ಲೇ ಉಳಿದಿದ್ದೆ. ಅಧಿಕಾರಿ ನೇರವಾಗಿ ತೋಟದ ಕಟ್ಟಡಕ್ಕೆ ನಡೆದರು. ಬಾಗಿಲಿನ ಜಾಗಕ್ಕೆ ಒರಗಿಸಿದ್ದ ತಗಡನ್ನು ಸರಿಸಿದರು. ಒಳಗೆ ಧೂಳು, ದೇವರ ಪಟ, ಇನ್ನೇನೂ ಇರಲಿಲ್ಲ. ಫೋಟೊ ತೆಗೆಸಿದರು. ಆಮೇಲೆ ಮನೆಯ ಕಡೆ ಬಂದರು. ಭಾವ ಆಗತಾನೆ ಎದ್ದು, ಜಗಲಿಯ ಕಂಬ ಹಿಡಿದುಕೊಂಡು ಉಸಿರು ಎಳೆದುಕೊಳ್ಳುತ್ತಿದ್ದರು. ಮಳೆಯ ಇರಚಲಿಗೆ ಕಂಬಳಿಯ ಅಂಚು ನೆನೆದಿತ್ತು.

"ರಾತ್ರಿ ಇಲ್ಲೇ ಮಲಗಿದ್ರಾ?" ಈ ಸಲ ಅಧಿಕಾರಿ ಕನ್ನಡದಲ್ಲೇ ಕೇಳಿದರು.

"ಊಂ ಸಾ. ಒಳಗೆ ಹುಳ ಅವೆ."

"ಅಲ್ಲಿ ಅಷ್ಟು ದೊಡ್ಡ ಕಟ್ಟಡ ಖಾಲಿ ಇದೆಯಲ್ಲ?"

"ಅದು ಹುಳದ ಮನೆ ಅಲ್ವಾ ಸಾ?" ಅಂದರು ಭಾವ.

ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಾದವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅದು ಜನ ಇರುವ ಮನೆಯಾಗಿದ್ದರೆ ಎಲ್ಲರಿಗಿಂತ ಮೊದಲು ಅಲ್ಲಿರಬೇಕಾಗಿದ್ದವರು ಈ ಮನುಷ್ಯ, ಸಾರ್. ಅಷ್ಟನ್ನು ಮಾತ್ರ ಹೇಳಿದೆ. ಅಧಿಕಾರಿ ಹುಡುಗನಿಗೆ ಜಗಲಿಯ ಫೋಟೊವನ್ನೂ ತೆಗೆಯಲು ಹೇಳಿ, ಅಲ್ಲೇ ನಿಂತು ವರದಿಗೆ ಏನೇನು ಬರೆಯಬೇಕು ಅಂತ ತೆಲುಗಿನಲ್ಲಿ ಹೇಳತೊಡಗಿದರು. ಇದು ಹುಳದ ಮನೆಯೇ, ಕಂತು ಕೊಡಬಹುದು ಅಂತ ಬರೆಸುತ್ತಿದ್ದಾರೆ ಅಂತ ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಂತು ತಡವಾಗಿ ಬಂತು, ಆದರೂ ಬಂತು. ಬಾಗಿಲು ಕೂತಿತು, ಕಿಟಕಿಗಳಿಗೆ ಬಲೆ ಬಿತ್ತು. ಮುಂದಿನ ಬೆಳೆಯ ಮರಿಹುಳ ತಂದ ದಿನ ನಾನು ರಾಯದುರ್ಗದಿಂದ ಮತ್ತೆ ಹೋದೆ. ಅಷ್ಟು ಹೊತ್ತಿಗೆ ತಟ್ಟೆಗಳೆಲ್ಲ ತೋಟ ಸೇರಿದ್ದವು, ಮನೆ ಬರೀ ನೀರಿನಲ್ಲಿ ತೊಳೆಸಿಕೊಂಡು ಒಣಗಿತ್ತು. ಮಧ್ಯಾಹ್ನ ಭಾವ ತಮ್ಮ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು. ಮೂಲೆಗೆ ಹೋಗಲಿಲ್ಲ, ನಡುಮನೆಯ ಮಧ್ಯದಲ್ಲೇ ಚಾಪೆ ಹಾಸಿ ಕೈಕಾಲು ಚಾಚಿ ಮಲಗಿದರು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಹೊಸಿಲ ಹತ್ತಿರ ಕೂತಿದ್ದಳು. ಹುಳಕ್ಕೆ ಸೊಪ್ಪು ಹಾಕುವ ಹೊತ್ತನ್ನು ಜನ್ಮದಲ್ಲಿ ತಪ್ಪಿಸದವಳು. ಹೊತ್ತಾಯಿತು ಅಂತ ನಾನು ಹೇಳಿದೆ, ಏಳಲಿಲ್ಲ. ಮತ್ತೆ ಹೇಳಿದೆ.

"ನೀನೇ ಹಾಕ್ಬಾ ಹೋಗೇ," ಅಂದಳು, ಕಣ್ಣು ಭಾವನ ಮೇಲಿಂದ ತೆಗೆಯದೆ. "ಇವ್ರು ಒಳಗೆ ಮಲಗಿರಾದು ನೋಡಿ ಎಷ್ಟು ಕಾಲ ಆಯ್ತೋ. ಒಸಿ ಹೊತ್ತು ನೋಡ್ಕಂತೀನಿ."