ಉಣ್ಣೆ ಕತ್ತರಿಸಿದ ದಿನದ ಆಲಿಕಲ್ಲು

ಬೆಳಿಗ್ಗೆ ಎದ್ದು, ಹಾಸಿಗೆ ಮಡಚಿ, ಮುಖ ತೊಳೆದು, ನೀರು ಕಾಯಲಿಟ್ಟ ಮೇಲೆಯೇ ನಾನು ರೇಡಿಯೊ ಹಾಕುವುದು. ದಾದಿಯರ ತರಬೇತಿಯಲ್ಲಿ ಕಲಿತ ಕ್ರಮ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಕ್ರಮ ಬಿಟ್ಟಿಲ್ಲ. ಈ ಬೇಸಿಗೆಯಲ್ಲಿ ತಮ್ಮನ ಕುರಿಗಳಿಗೆ ಉಣ್ಣೆ ಕತ್ತರಿಸುವ ದಿನ ಗುಡೇಕೋಟೆಯ ಹತ್ತಿರ ಅವನ ಮನೆಯಲ್ಲಿದ್ದೆ. ಅಲ್ಲಿಯೂ ಹಾಗೆಯೇ ಮಾಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಂದೆರಡು ಕಡೆ ಗುಡುಗು ಸಿಡಿಲಿನ ಮಳೆ ಎಂದು ರೇಡಿಯೊ ಹೇಳಿತು. ಗುಡುಗುವಾಗ ಮರದ ಕೆಳಗೆ ನಿಲ್ಲಬಾರದು ಎಂದೂ ಹೇಳಿತು.

ತಮ್ಮ ಅಂಗಳದಲ್ಲಿ ಕತ್ತರಿ ಮಸೆಯುತ್ತಿದ್ದ. "ಈ ಒಂದೆರಡು ಕಡಿ ಅನ್ನೋ ಊರು ಎಲ್ಲೈತಕ್ಕಾ? ವಾರದಿಂದ ಮಳಿ ಅಲ್ಲೇ ಬೀಳಾಕ ಹತ್ತೈತಿ."

"ನಗಬ್ಯಾಡ. ಎರಡು ದಿನ ಬಿಟ್ಟು ಕತ್ತರಿಸಿದ್ರ ಆಗಾಂಗಿಲ್ಲೇನು?"

"ಮುಯ್ಯಿ ಮಂದಿ ಆಗ್ಲೇ ಬಂದಾರ. ನಾಳಿ ಅವರ ಕುರಿ. ಅವರಿಗೇನು ಹೇಳ್ಲಿ?"

ನಮ್ಮಲ್ಲಿ ಇದು ಕೂಲಿಯ ಕೆಲಸವಲ್ಲ. ಇವತ್ತು ಅವರು ನಮ್ಮ ಕುರಿ ಕತ್ತರಿಸಿದರೆ ನಾಳೆ ನಾವು ಅವರದು. ಒಬ್ಬರು ದಿನ ಸರಿಸಿದರೆ ಎಲ್ಲರದ್ದೂ ಸರಿಯಬೇಕು. ಕುರಿಗಳನ್ನು ಹಿಂದಿನ ದಿನವೇ ಕೆರೆಯಲ್ಲಿ ಮೀಯಿಸಿಯೂ ಆಗಿತ್ತು. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಯಾರೂ ಚಳಿಯ ಮಾತಾಡುವುದಿಲ್ಲ. ಇದ್ದ ಭಯ ಸಿಡಿಲಿನದು ಒಂದೇ. ಆದ್ದರಿಂದ ಹುಣಸೆ ಮರಗಳಿಂದ ದೂರ, ಬಯಲಿನಲ್ಲಿ ಕೆಲಸ ಶುರು ಮಾಡಿದೆವು. ಎಲ್ಲರಿಗೂ ಅದೇ ಸರಿ ಅನ್ನಿಸಿತ್ತು.

ಎಳೆಮರಿ ಇದ್ದ ತಾಯಿಕುರಿಗಳನ್ನು ಮೊದಲು ಹಿಡಿದರು. ಬೇಗ ಮುಗಿಸಿ ಮರಿಗೆ ಬಿಡಬೇಕೆಂಬ ಲೆಕ್ಕ. ತಮ್ಮನ ಸಂಸಾರ ನಿಂತಿರುವುದೇ ಅವುಗಳ ಮೇಲೆ. ಅವು ಬದುಕಿದರೆ ಮಂದೆ, ಇಲ್ಲವಾದರೆ ಕುರಿ ಕೂಡುವ ರೊಪ್ಪದ ಬರಿ ಮುಳ್ಳುಬೇಲಿ. ಉಣ್ಣೆ ಹೋದ ತಾಯಿಕುರಿಗಳು ಅರ್ಧಕ್ಕರ್ಧ ಸಣ್ಣಗಾಗಿ ಹೊರಬರುತ್ತಿದ್ದವು. ಮರಿಗಳು ಗುರುತು ಸಿಗದೆ ದೂರ ಓಡುತ್ತಿದ್ದವು.

"ನೋಡ್ರಿ, ಹೆತ್ತವ್ವನ್ನ ಮರ್ತಾವ," ಎಂದಳು ತಮ್ಮನ ಹೆಂಡತಿ.

ಮುಯ್ಯಿಗೆ ಬಂದಿದ್ದ ಹಿರಿಯನೊಬ್ಬ ಕತ್ತರಿ ನಿಲ್ಲಿಸದೆ ಹೇಳಿದ, "ಲಗ್ನದ ಮುಂದ ನಿನ್ನ ಗಂಡ ಮೀಸಿ ಬೋಳಿಸ್ಕೊಂಡು ಬಂದಾಗ ನೀನು ಯಾರಪ್ಪ ಇಂವಾ ಅಂದಿದ್ದಿಲ್ಲ? ಮರಿಗೇನು ಅಂತೀ."

ಮಧ್ಯಾಹ್ನ ಊಟದ ಹೊತ್ತಿಗೆ ತಂಬ್ರಹಳ್ಳಿಯಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ಇಲ್ಲಿ ಆಲಿಕಲ್ಲು ಬಿತ್ತು. ಗಾಳಿ ಹೆಂಗೈತಿ ಅಂದ್ರ, ಕಂಬಳಿ ಹೊದ್ದು ಕುಂತೀನಿ." ಅನ್ನ ಮುಗಿಯುವ ಮೊದಲೇ ಕೊಟ್ಟೂರಿನಿಂದ ಸೋದರಳಿಯನ ಫೋನ್. ಅಲ್ಲಿಯೂ ಅದೇ ಗಾಳಿ, ಅದೇ ಚಳಿ. ಮೋಡ ಪಡುವಣದಿಂದ ಊರೂರು ದಾಟಿ ನಮ್ಮ ಕಡೆಗೇ ಬರುತ್ತಿತ್ತು.

"ಕತ್ತರಿ ಕೆಳಗಿಡ್ರಿ," ಎಂದೆ. ಇಟ್ಟರು. ಎಳೆಮರಿಗಳನ್ನು ಹಿಡಿದು ದೊಡ್ಡ ಬುಟ್ಟಿಗಳ ಕೆಳಗೆ ಮುಚ್ಚಿದೆವು. ಆದರೆ ತಾಯಿಕುರಿಗಳದ್ದೆಲ್ಲ ಕತ್ತರಿಸಿ ಮುಗಿದಿತ್ತು. ಉಣ್ಣೆ ಉಳಿದಿದ್ದುದು ಟಗರು, ಗೊಡ್ಡುಗಳ ಮೈಮೇಲೆ.

ಬಿಸಿಗಾಳಿ ಒಮ್ಮೆಲೇ ನಿಂತಿತು. ನಂತರ ಬಂದ ಗಾಳಿ ಬೇಸಿಗೆಯದಲ್ಲ. ಮೊದಲು ಆಲಿಕಲ್ಲು, ಹಿಂದೆಯೇ ಅಡ್ಡಲಾಗಿ ಮಳೆ. ತಾಡಪಾಲು ಬಿಚ್ಚಿದ ಕ್ಷಣವೇ ಕೈಯಿಂದ ಕಿತ್ತು ಹಾರಿತು. ಉಣ್ಣೆ ಇದ್ದವು ಗಾಳಿಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತವು. ಬೋಳು ಕುರಿಗಳು ಕಲ್ಲು ಬಿದ್ದಲ್ಲೆಲ್ಲ ಚಿಮ್ಮಿ ಓಡಿದವು, ಜಾರಿ ಬಿದ್ದವು, ಮತ್ತೆ ಎದ್ದವು. ಸಿಡಿಲು ದೂರದ ಗುಡ್ಡದ ಮೇಲೆ ಎಲ್ಲೋ ಬಿತ್ತು. ಅದರಿಂದ ನಮಗೆ ಏನೂ ಆಗಲಿಲ್ಲ.

ನಡುಗುತ್ತಿರುವ ಮೈಯಲ್ಲಿ ಇನ್ನೂ ಶಕ್ತಿ ಇರುತ್ತದೆ. ನಡುಕ ನಿಂತರೆ ಹೆದರಬೇಕು. ಕೂಸುಗಳ ವಿಷಯದಲ್ಲಿ ಇದನ್ನು ಎಷ್ಟೋ ತಾಯಂದಿರಿಗೆ ಹೇಳಿದವಳು ನಾನು. ಒಂದು ಕುರಿ ಮಲಗಿತು. ಅದರ ಬಾಯೊಳಗೆ ಬೆರಳಿಟ್ಟೆ. ಬಾಯಿ ತಣ್ಣಗಿತ್ತು. ನಡುಕ ಇರಲಿಲ್ಲ.

"ಲೇ, ಆ ಬಯಲಂಚಿನ ಬಂಡಿಗಲ್ಲಿನ ಸಂದಿಗೆ ಹೊಡಿ ಎಲ್ಲಾನೂ."

"ಅಲ್ಲಿ ಕರಡಿ ಐತಕ್ಕಾ. ಮರಿ ಬ್ಯಾರೆ ಹಾಕೈತಿ."

"ಕರಡಿ ಇದ್ರೂ ಇರಬಹುದು, ಇಲ್ದಿದ್ರೂ ಇರಬಹುದು. ಥಂಡಿ ಇಲ್ಲೇ ಐತಿ."

ಅವನು ಕರಡಿ ಬೆದರಲೆಂದು ಊಟದ ತಾಟು ತೆಗೆದುಕೊಂಡು ಕೋಲಿನಿಂದ ಬಡಿಯುತ್ತ ಮುಂದೆ ನಡೆದ. ಬಂಡೆಯ ಸಂದಿನಲ್ಲಿ ಕರಡಿಯ ನಾತವಿತ್ತು, ಕರಡಿ ಇರಲಿಲ್ಲ. ನಡೆಯಬಲ್ಲ ಕುರಿಗಳು ಒಳಗೆ ನುಗ್ಗಿದವು. ಬಿದ್ದವನ್ನು ಹೊತ್ತು ತರಬೇಕಾಯಿತು. ಮೈಬಿಟ್ಟ ಕುರಿಯ ಭಾರ ಹೊರದವರಿಗೆ ತಿಳಿಯದು. ನನ್ನ ವಯಸ್ಸಿಗೆ ಹೊರುವುದು ಆಗಲಿಲ್ಲ. ಮುಂಗಾಲು ಹಿಡಿದು ಎಳೆದೆ.

ಕತ್ತರಿಸಿದ ಉಣ್ಣೆಯ ರಾಶಿಯನ್ನು ಗಂಟು ಕಟ್ಟಿ ಮೇಲೊಂದು ಚೀಲ ಹೊದಿಸಿದ್ದರು. ಒಳಗಿನದು ಒಣಗಿಯೇ ಇತ್ತು. ತಮ್ಮನ ಹೆಂಡತಿ ಅದನ್ನು ಎಳೆದು ತಂದು ಗಂಟು ಬಿಚ್ಚಿದಳು.

"ಉಣ್ಣಿ ಮುಟ್ಟಬ್ಯಾಡ, ಇನ್ನೂ ಬೀರಪ್ಪ ದೇವರಿಗೆ ಪೂಜಿ ಆಗಿಲ್ಲವ್ವಾ," ಎಂದ ಹಿರಿಯ.

"ದೇವರು ಬೆಚ್ಚಗದಾನ," ಎಂದಳು. ಹಿಡಿಹಿಡಿ ಉಣ್ಣೆ ತೆಗೆದು ಕುರಿಗಳ ಹೊಟ್ಟೆಗೆ, ಎದೆಗೆ ಒತ್ತಿದಳು. ಹಿರಿಯ ತಾನೂ ಕೂತು ಉಜ್ಜತೊಡಗಿದ.

ನನ್ನ ಕ್ರಮ ನನಗೆ ಗೊತ್ತಿತ್ತು. ಬಾಯಿ, ಕಿವಿ, ಉಸಿರು ನೋಡು, ಒರೆಸು, ಉಜ್ಜು, ಬಿಸಿ ನೀರಿಗೆ ಬೆಲ್ಲ ಹಾಕಿ ಕುಡಿಸು. ಬೆಲ್ಲ ಇತ್ತು, ಒಣ ಕಟ್ಟಿಗೆ ಒಂದೂ ಇರಲಿಲ್ಲ. ಒಂದನ್ನು ಉಜ್ಜುತ್ತಿದ್ದರೆ ಪಕ್ಕದ್ದು ಕತ್ತು ಚೆಲ್ಲುತ್ತಿತ್ತು. ಅದರ ಕಡೆ ತಿರುಗಿದರೆ ಮೊದಲಿನದು ಹೋಗಿರುತ್ತಿತ್ತು. ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ನಾನೇ ಹೇಳಬೇಕಾಯಿತು. "ಅದನ್ನ ಬಿಡು, ಇದನ್ನ ಹಿಡಿ." ತಮ್ಮ ಒಂದನ್ನು ಮಾತ್ರ ಬಿಡಲಿಲ್ಲ. ತನ್ನ ಅಂಗಿಯೊಳಗೆ ಅದರ ತಲೆ ತೂರಿಸಿಕೊಂಡು, "ಬೀರಪ್ಪಾ, ಇದೊಂದು. ಇದೊಂದು ನೋಡಪ್ಪಾ," ಎನ್ನುತ್ತಿದ್ದ. ಅದು ಆಗಲೇ ಸತ್ತಿತ್ತು. ನಾನು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಎರಡನೆಯ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆಗೆ ಮಳೆ ಬಿಟ್ಟು, ಏನೂ ನಡೆದೇ ಇಲ್ಲವೆನ್ನುವಂತೆ ಬಿಸಿಲು ಬಂತು. ನೆಲದಿಂದ ಹಬೆ ಏಳತೊಡಗಿತು. ಬಯಲಿನಲ್ಲಿ, ಬಂಡೆಯ ಬಾಯಲ್ಲಿ ತಾಯಿಕುರಿಗಳು ಬಿದ್ದಿದ್ದವು. ಬದುಕಿದವು ಸತ್ತವುಗಳಿಗಿಂತ ಕಡಿಮೆ.

ಬುಟ್ಟಿಗಳ ಕೆಳಗೆ ಮುಚ್ಚಿಟ್ಟಿದ್ದ ಮರಿಗಳೆಲ್ಲ ಬದುಕಿದ್ದವು. ಬುಟ್ಟಿ ಎತ್ತುತ್ತಲೇ ಹಸಿದು ಅರಚಿಕೊಂಡು ಓಡಿದವು. ಸಿಕ್ಕ ಕಾಲಿನ ಸಂದಿಗೆಲ್ಲ ಬಾಯಿ ಹಾಕಿದವು. ಗೊಡ್ಡು ಕುರಿಗಳು ತಲೆಯಿಂದ ನೂಕಿದವು. ಬದುಕಿ ಉಳಿದ ತಾಯಿಕುರಿಗಳು ತಮ್ಮ ಮರಿಯನ್ನು ಮೂಸಿ, ಮಿಕ್ಕವನ್ನು ಒದ್ದವು. ಒಂದು ಮರಿ ನನ್ನ ಬೆರಳು ಹಿಡಿದು ಚೀಪಿತು. ಅದರ ಬಾಯಿ ಬೆಚ್ಚಗಿತ್ತು. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ತಮ್ಮ ಕೊನೆಗೂ ಎದ್ದ. ಹಾಲಿದ್ದ ಕುರಿಯೊಂದರ ಕತ್ತು ತಬ್ಬಿ ಹಿಡಿದ. ಅವನ ಹೆಂಡತಿ ಅದರ ಹಿಂಗಾಲು ಹಿಡಿದು ಮಂಡಿಯೂರಿದಳು. ನಾನು ನನ್ನ ಬೆರಳು ಚೀಪಿದ ಮರಿಯನ್ನು ಕೆಚ್ಚಲಿಗೆ ಹಿಡಿದೆ. ಅದು ಕುಡಿಯಿತು. ಇನ್ನೊಂದನ್ನು ತಂದೆ. ಕುರಿ ಒದ್ದಿತು.

"ನಿಲ್ಲವ್ವಾ," ಎಂದಳು ಅವಳು, ಅದರ ಬೋಳು ಬೆನ್ನಿಗೆ ಕೆನ್ನೆ ಒತ್ತಿ. "ಇದಕ್ಕೂ ಒಂದ್ ಗುಟುಕು ಕೊಡು. ನಿಲ್ಲು ನಮ್ಮವ್ವಾ."

ನಮ್ಮ ಸುತ್ತ ಉಳಿದ ಮರಿಗಳು ಕೂಗುತ್ತಲೇ ಇದ್ದವು.