ಅರಿಶಿನದ ಮೇಲೆ ಮರದ ಪುಡಿ

ಮಾರ್ಗನ್ ಹಿಲ್‌ನ ನಮ್ಮ ಹಿತ್ತಲಿನಲ್ಲಿ ಇದ್ದದ್ದು ಒಂದೇ ದೊಡ್ಡ ಮರ, ಆ್ಯಶ್. ಅದರ ನೆರಳಿನಲ್ಲಿ ಭಾನುವಾರಗಳಂದು ನನ್ನ ಹೆಂಡತಿ ಸುತ್ತಮುತ್ತಲ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಮರದ ತುದಿ ಬೋಳಾಗತೊಡಗಿತು. ಕಾಂಡದಲ್ಲಿ ಪೆನ್ಸಿಲ್ ತೂರುವಂಥ ತೂತುಗಳು ಕಂಡವು. ಒಣಕೊಂಬೆ ಮಕ್ಕಳ ಮೇಲೆ ಬಿದ್ದರೆ ಎಂಬ ಭಯ ಅವಳಿಗೆ. ಬದುಕಿರುವ ಮರವನ್ನು ಕಡಿದುಬಿಟ್ಟರೆ ಎಂಬ ಭಯವೂ ಅವಳಿಗೇ.

ಸರಟೋಗಾದಲ್ಲಿರುವ ಹುಬ್ಬಳ್ಳಿಯ ಗೆಳೆಯ ಒಬ್ಬ ಅಮೆರಿಕನ್‌ನನ್ನು ಕರೆತಂದ. ಹುಳು ಹಿಡಿದ ಮರಗಳನ್ನು ಕಡಿದು, ಹಲಗೆ ಸೀಳಿ ಮಾರುವುದು ಅವನ ಕಸುಬು. ಅವನು ಕಾಂಡವನ್ನು ಒಂದು ಸುತ್ತು ಹಾಕಿ, ಒಳಗೆ ಕೊರಕ ಹುಳು ಇದೆ, ಮರ ಉಳಿಯುವುದಿಲ್ಲ ಎಂದ. ನಿಂತಲ್ಲೇ ಒಣಗಿದರೆ ಬಿರುಕು ಬಿಟ್ಟು ಹಲಗೆಗೂ ಬರುವುದಿಲ್ಲ, ಮಂಗಳವಾರವೇ ಕಡಿಯೋಣ ಎಂದ. ಕೂಲಿ ಬೇಡ, ದಿಮ್ಮಿ ಕೊಟ್ಟರೆ ಸಾಕು.

ಈ ಅವಸರ ನನಗೆ ಹಿಡಿಸಲಿಲ್ಲ, ಪುಕ್ಕಟೆ ಕೆಲಸವೂ ಹಿಡಿಸಲಿಲ್ಲ. ಈ ಮರದ ಅತಿ ಅಗಲದ ಹಲಗೆಯನ್ನು ಗೆಳೆಯ ತನ್ನ ಮನೆಯ ತೂಗುಮಣೆಗೆ ಆಗಲೇ ಕೇಳಿಟ್ಟಿದ್ದಾನೆ, ಅದಕ್ಕೆ ಸರಪಳಿಯನ್ನೂ ತಂದಿಟ್ಟುಕೊಂಡಿದ್ದಾನೆ ಎಂದು ಮಾತಿನ ನಡುವೆ ಗೊತ್ತಾಯಿತು. ರೋಗ ಹೇಳುವವನನ್ನು ಕರೆತಂದವನೇ ಹಲಗೆ ಕೊಳ್ಳುವವನು. ತೂತುಗಳು ಹಳೆಯವಿರಬಹುದು, ಹುಳು ಎಂದೋ ಹಾರಿಹೋಗಿರಬಹುದು. ಲಾಸ್ ಗ್ಯಾಟೋಸ್‌ನಿಂದ ಇನ್ನೊಬ್ಬ ತಜ್ಞನನ್ನು ಕರೆಸಿದೆ. ಎರಡೂ ಸಾಧ್ಯ ಎಂದು ಹೇಳಿ ಅವನು ಹೊರಟ.

“ನನ್ ಮ್ಯಾಲೇ ಡೌಟೇನಲೇ ನಿಂಗ?” ಗೆಳೆಯ ನಕ್ಕ. “ಗಿಡಾ ಹೋಗೇತಿ. ನೀ ಪೋಸ್ಟ್‌ಮಾರ್ಟಮ್ ರಿಪೋರ್ಟ್ ಬರೂತನಾ ಕಾಯಾಂವ.”

“ಪೋಸ್ಟ್‌ಮಾರ್ಟಮ್ ಹೆಣಕ್ಕೆ ಕಣೋ. ಇದಿನ್ನೂ ಚಿಗುರ್ತಾ ಇದೆ.”

ಹೆಂಡತಿ ನಡುವೆ ಬಂದಳು. “ಮಂಗಳವಾರ ಮರ ಕಡಿಯೋದು ಬೇಡ. ಪೂಜೆ ಮಾಡಿ, ಅದರಲ್ಲಿರೋ ಜೀವಗಳಿಗೆ ಬೇರೆ ಕಡೆ ಹೋಗಿ ಅಂತ ಹೇಳಿ, ನಾಲ್ಕು ದಿನ ಬಿಡಬೇಕು. ಮೈಸೂರಲ್ಲಿ ನಮ್ಮಜ್ಜಿ ಹಾಗೇ ಮಾಡ್ತಿದ್ದಿದ್ದು.”

ಮರದವನು ಮುಖ ಗಂಟಿಕ್ಕಿಕೊಂಡೇ ಒಪ್ಪಿದ.

ಅವಳು ಅರಿಶಿನ ಕಲಸಿ ಕಾಂಡದ ಸುತ್ತ ದಪ್ಪಗೆ ಬಳಿದಳು, ಕುಂಕುಮವಿಟ್ಟಳು, ಕಾಯಿ ಒಡೆದಳು. ತೂತುಗಳೆಲ್ಲ ಮುಚ್ಚಿಹೋದವು. ಇದ್ದ ಸಾಕ್ಷಿಯನ್ನೂ ಅಳಿಸಿಹಾಕಿದಳಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ಭಾನುವಾರ ತರಗತಿಗೆ ಬಂದ ಹುಡುಗಿಯೊಬ್ಬಳು ಹಳದಿ ಕಾಂಡವನ್ನು ನೋಡಿ, “ಆಂಟಿ, ಈಸ್ ದ ಟ್ರೀ ಗೆಟಿಂಗ್ ಮ್ಯಾರೀಡ್?” ಎಂದಳು.

“ಇಲ್ಲಮ್ಮ, ಕಳಿಸಿಕೊಡ್ತಾ ಇದೀವಿ.”

“ಓ, ಸೋ ಇಟ್ಸ್ ದ ಬ್ರೈಡ್!”

ಮರುದಿನ ಬೆಳಿಗ್ಗೆ ಕಾಂಡದ ಬಳಿ ಹೋದೆ. ಒಣಗಿದ ಅರಿಶಿನದ ಪದರ ಅಲ್ಲಲ್ಲಿ ಒಳಗಿನಿಂದ ಒಡೆದು, ಅದರ ಮೇಲೆ ಬಿಳಿಚಿದ ಮರದ ಪುಡಿ ಕೂತಿತ್ತು. ಯಾರಾದರೂ ಉದುರಿಸಿರಬಹುದೇ ಎಂಬ ಅನುಮಾನ ಆಗಲೂ ಬಿಡಲಿಲ್ಲ. ಪುಡಿಯನ್ನು ಪೂರ್ತಿ ಒರೆಸಿ, ಹಿತ್ತಲ ಗೇಟಿಗೆ ಬೀಗ ಹಾಕಿದೆ. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅದೇ ಜಾಗಗಳಲ್ಲಿ ಹೊಸ ಪುಡಿ. ಹೆಂಡತಿಯನ್ನು ಕರೆದು ತೋರಿಸಿದೆ.

“ಹೋಗಿ ಅಂದ್ರೂ ಹೋಗಿಲ್ಲ ನೋಡಿ,” ಎಂದಳು. ತುಸು ಹೊತ್ತು ತಲೆಯೆತ್ತಿ ಕೊಂಬೆಗಳನ್ನೇ ನೋಡುತ್ತಿದ್ದಳು. “ಕಡೀಲಿ ಬಿಡಿ.”

ಕಡಿದ ದಿನ ಗೆಳೆಯನೂ ಬಂದಿದ್ದ. ದಿಮ್ಮಿಯ ಅಂಚಿನಲ್ಲಿ ಸುರಂಗಗಳಿದ್ದವು, ಒಳಗೆ ಮಾತ್ರ ಮರ ಸ್ವಚ್ಛವಾಗಿ, ಗಟ್ಟಿಯಾಗಿತ್ತು. ಇನ್ನೆಷ್ಟು ವರ್ಷ ನಿಲ್ಲುತ್ತಿತ್ತು ಎಂದು ಮರದವನನ್ನು ಕೇಳಿದೆ. ಅವನು ಭುಜ ಕುಣಿಸಿ, ಹಲಗೆಗಳನ್ನು ಬಿಸಿಗೂಡಿನಲ್ಲಿ ಒಣಗಿಸಿದರೆ ಉಳಿದ ಹುಳುಗಳೂ ಸಾಯುತ್ತವೆ ಎಂದ. ನಾನು ಕೇಳಿದ್ದು ಅದನ್ನಲ್ಲ.

ಗೆಳೆಯನತ್ತ ತಿರುಗಿದೆ. “ತೂಗುಮಣೆ ಸರಪಳಿ ಯಾವಾಗ ತಂದೆ?”

“ಹ್ವಾದ ವರ್ಷ. ಯಾಕ?”

“ಆಗ ಈ ಮರಕ್ಕೆ ಏನೂ ಆಗಿರಲಿಲ್ಲ.”

ಅವನು ನಗಲಿಲ್ಲ. “ಈ ಗಿಡದ ಮ್ಯಾಲೆ ಕಣ್ಣಿತ್ತು, ಖರೇ. ಹುಳಾ ನಾ ತಂದು ಬಿಡಲಿಲ್ಲಲೇ.”

ಹೆಂಡತಿ ಅಲ್ಲೇ ಮಕ್ಕಳ ಚಾಪೆಗಳನ್ನು ಸುತ್ತುತ್ತಿದ್ದಳು. ಹಿತ್ತಲ ತುಂಬ ಬಿಸಿಲು. “ಹಲಗೆ ತಗೊಳ್ಳಿ,” ಎಂದಳು ಅವನಿಗೆ. “ಬರೋ ಭಾನುವಾರದಿಂದ ಕ್ಲಾಸು ನಿಮ್ಮನೇಲಿ.”

“ಅಲ್ರೀ ವೈನಿ, ಇಲ್ಲಿಂದ ಸರಟೋಗಾಕ್ಕ ಯಾರ್ ಬರ್ತಾರ್ರಿ?”

“ತೂಗುಮಣೆ ಇದೆ ಅಂದ್ರೆ ಮಕ್ಕಳು ಎಲ್ಲಿಗೆ ಬೇಕಾದ್ರೂ ಬರ್ತಾರೆ.”

ಅವನು ನನ್ನ ಮುಖ ನೋಡಿದ. ಅವನು ಬಾಗಿ, ಅವಳ ಕೈಯಿಂದ ಚಾಪೆಗಳನ್ನು ಇಸಿದುಕೊಂಡು ತನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡ.